ಎರಡು ಕಿಲೋ ಕಲ್ಲು

ನಮ್ಮ ಮನೆಯ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಹಿಡಿದು ನಿಲ್ಲಿಸಿರುವುದು ಒಂದು ಕಪ್ಪು ಕಲ್ಲು. ಒಂದು ಮಗ್ಗುಲಲ್ಲಿ ಉಳಿಯ ಗೀರುಗಳು, ನೆತ್ತಿಯ ಮೇಲೆ ಕೆಂಪು ಬಣ್ಣದ ಬೊಟ್ಟು. ಗೊತ್ತಿಲ್ಲದವರು ಒಳಗೆ ಬರುವಾಗ ಅದನ್ನು ಕಾಲಿನಿಂದ ಸರಿಸಲು ಹೋಗುತ್ತಾರೆ. ಕೈಯಲ್ಲಿ ಎತ್ತಿಡಿ ಅನ್ನುತ್ತೇನೆ. ಈ ಮುದುಕಿಗೆ ಕಲ್ಲಿನ ಮೇಲೂ ಮೋಹ ಎಂದುಕೊಳ್ಳುತ್ತಾರೋ ಏನೋ. ಆ ಕಲ್ಲು ಸರಿಯಾಗಿ ಎರಡು ಕಿಲೋ ಇದೆ. ಒಂದು ಚಕ್ಕೆ ಹಾರಿದರೂ ಅದು ಬರೀ ಕಲ್ಲಾಗಿಬಿಡುತ್ತದೆ.

ಕಲ್ಲು ತಕ್ಕಡಿಯಕ್ಕನದು. ಬೀದಿಯವರಿಗೆಲ್ಲ ಅವಳು ತಕ್ಕಡಿಯಕ್ಕ. ಅಂಚೆಯವನೂ ಹಾಗೇ ಕೇಳಿಕೊಂಡು ಬರುತ್ತಿದ್ದ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅವಳನ್ನು ನಾನು ಮೊದಲು ನೋಡಿದ್ದು ನಮ್ಮವರು ಬದುಕಿದ್ದಾಗ. ನಮ್ಮವರು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಲ್ಲಿದ್ದರು. ಮನೆಯ ಮುಂದಿನ ಕೋಣೆಯನ್ನು ಸರ್ಕಾರದ ಮಕ್ಕಳ ಕೇಂದ್ರಕ್ಕೆ ಬಾಡಿಗೆಗೆ ಕೊಟ್ಟರು. ಸರ್ಕಾರದ ಬಾಡಿಗೆ ತಡವಾಗಿ ಬರುತ್ತದೆ, ಆದರೆ ಬರುತ್ತದೆ ಅನ್ನುವುದು ಅವರ ಲೆಕ್ಕ. ಒಂದು ಬೆಳಿಗ್ಗೆ ಈ ಹುಡುಗಿ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಂದು, ನೀರು ಕೂಡ ಕೇಳದೆ, ತಲೆ ಎತ್ತಿ ಮಾಡು ನೋಡಿದಳು. ತೊಲೆ ಗಟ್ಟಿ ಇದೆಯಾ ಎಂದು ಕೇಳಿದಳು. ನಿನ್ನನ್ನೇ ನೇತು ಹಾಕಿದರೂ ತಡೆಯುತ್ತೆ ಎಂದರು ನಮ್ಮವರು. ಅವಳು ನಗಲಿಲ್ಲ. ಹಾಗಾದರೆ ಒಂದು ಕೊಂಡಿ ಹೊಡೆದುಕೊಡಿ ಅಂದಳು. ಆ ಕೊಂಡಿ ಇವತ್ತಿಗೂ ಅಲ್ಲೇ ಇದೆ.

ಪೆಟ್ಟಿಗೆಯಲ್ಲಿದ್ದದ್ದು ಗಡಿಯಾರದಂತೆ ದುಂಡಗಿನ ಮುಖದ ತೂಗುತಕ್ಕಡಿ. ಕೆಳಗೆ ಒಂದು ಬಟ್ಟೆಯ ಜೋಳಿಗೆ, ಅದರಲ್ಲಿ ಕಾಲು ತೂರಿಸಲು ಎರಡು ಕಂಡಿ. ಪ್ರತಿ ತಿಂಗಳ ಮೊದಲನೇ ತಾರೀಕು ಬೆಳಿಗ್ಗೆ ಬೀದಿಯ ಕೂಸುಗಳೆಲ್ಲ ಆ ಜೋಳಿಗೆಯಲ್ಲಿ ಒಂದೊಂದಾಗಿ ನೇತಾಡಿ, ಬೊಬ್ಬೆ ಹೊಡೆದು, ಇಳಿದು ಹೋಗುತ್ತಿದ್ದವು. ಅಳುವ ಮಗುವಿಗೆ ಅವಳು ಸಮಾಧಾನ ಹೇಳುತ್ತಿರಲಿಲ್ಲ. ಅಳಪ್ಪ, ಅಳು, ನೀನು ಕುಣಿದರೆ ಮುಳ್ಳೂ ಕುಣಿಯುತ್ತೆ, ನಿಮ್ಮಮ್ಮನಿಗೇ ಒಲೆ ಮೇಲಿಟ್ಟಿದ್ದು ಸೀಯೋದು ಎಂದು ಸುಮ್ಮನೆ ಕಾಯುತ್ತಿದ್ದಳು. ಮುಳ್ಳು ಪೂರ್ತಿ ನಿಲ್ಲುವವರೆಗೆ ಬರೆಯುತ್ತಿರಲಿಲ್ಲ. ಗೋಡೆಯ ಮೇಲೆ ಒಂದು ದೊಡ್ಡ ಪಟ ಅಂಟಿಸಿದ್ದಳು. ಅದರಲ್ಲಿ ಮೇಲೆ ಹಸಿರು ಪಟ್ಟಿ, ಕೆಳಗೆ ಕೆಂಪು ಪಟ್ಟಿ. ಮಗುವಿನ ತಿಂಗಳು, ಮಗುವಿನ ತೂಕ, ಎರಡೂ ಸೇರುವ ಕಡೆ ಬೆರಳಿಟ್ಟು ತಾಯಿಗೆ ತೋರಿಸುತ್ತಿದ್ದಳು. ಬೆರಳು ಕೆಂಪಿನಲ್ಲಿ ನಿಂತರೆ ಆ ಮನೆಗೆ ಹಿಟ್ಟಿನ ಪೊಟ್ಟಣ ಹೆಚ್ಚಾಗಿ ಸಿಗುತ್ತಿತ್ತು, ಎರಡು ವಾರಕ್ಕೊಮ್ಮೆ ನರ್ಸು ಬಂದು ನೋಡುತ್ತಿದ್ದಳು, ತೀರಾ ಕೆಳಗಿದ್ದರೆ ದೊಡ್ಡಾಸ್ಪತ್ರೆಗೆ ಚೀಟಿ.

ಹಾಗಾಗಿ ತಾಯಂದಿರ ಕಳ್ಳಾಟವೂ ಇತ್ತು. ಪೊಟ್ಟಣದ ಆಸೆಗೆ ಕೆಲವರು ಬೆಳಿಗ್ಗೆಯಿಂದ ಮಗುವಿಗೆ ಏನೂ ಕೊಡದೆ ಕರೆತರುತ್ತಿದ್ದರು. ಕೆಂಪು ಬಂದರೆ ಮಾನ ಹೋಗುತ್ತದೆ ಎನ್ನುವವರದು ತದ್ವಿರುದ್ಧ. ಬೈಕ್ ರಿಪೇರಿಯವನ ಹೆಂಡತಿ ಒಮ್ಮೆ ಮಗನ ಲಂಗೋಟಿಯಲ್ಲಿ ಒಂದು ದಪ್ಪ ನಟ್ಟು ಕಟ್ಟಿ ತಂದಿದ್ದಳು. ತಕ್ಕಡಿಯಕ್ಕ ಅದನ್ನು ಬಿಚ್ಚಿ ಎಲ್ಲರ ಮುಂದೆ ಎತ್ತಿ ಹಿಡಿದು, ಇನ್ನೂ ಹಲ್ಲು ಬಂದಿಲ್ಲ, ಆಗಲೇ ಅಪ್ಪನ ಅಂಗಡಿ ಹೊತ್ತುಕೊಂಡು ತಿರುಗುತ್ತಿದ್ದಾನೆ ಎಂದಳು. ಆ ಮಗನಿಗೆ ಮದುವೆಯಾಗಿ ಮಗುವೂ ಆಗಿದೆ. ಬೀದಿ ಅವನನ್ನು ಈಗಲೂ ನಟ್ಟು ಎಂದೇ ಕರೆಯುತ್ತದೆ.

ಇನ್ನು ಕಲ್ಲಿನ ಮಾತು. ಅವಳು ಬಂದ ಮೊದಲನೇ ವರ್ಷ ಕಲ್ಲು ಇರಲಿಲ್ಲ. ಇಲಾಖೆಯವರು ಕೊಟ್ಟ ತಕ್ಕಡಿಯ ಸ್ಪ್ರಿಂಗು ಸಡಿಲವಾಗಿತ್ತು, ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಅದು ಅವಳಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಮೂಟೆ ಹೊರುವವನೊಬ್ಬನ ಗಂಡುಕೂಸಿಗೆ ಎರಡು ತಿಂಗಳು ಹಸಿರು ಎಂದೇ ಬರೆದಳು. ಮೂರನೇ ತಿಂಗಳು ಆ ಕೂಸು ಜೋಳಿಗೆಗೆ ಬರಲಿಲ್ಲ. ವಾಂತಿಭೇದಿ ಒಂದೇ ದಿನಕ್ಕೆ ಮುಗಿಸಿಬಿಟ್ಟಿತ್ತು. ಮೈಯಲ್ಲಿ ತಡೆಯುವ ಶಕ್ತಿಯೇ ಇರಲಿಲ್ಲ ಎಂದು ನರ್ಸು ಹೇಳಿದಳಂತೆ. ಆಮೇಲೆ ಪರೀಕ್ಷಿಸಿ ನೋಡಿದಾಗಲೇ ತಕ್ಕಡಿಯ ತಪ್ಪು ತಿಳಿದದ್ದು. ಯಾರೂ ತಕ್ಕಡಿಯಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಆಮೇಲೆ ಅವಳು ಹೊಸ್ತಿಲ ಕಲ್ಲು ಕೆತ್ತುವವನ ಹತ್ತಿರ ಹೋಗಿ ಒಂದು ತುಂಡು ಕಲ್ಲು ಕೇಳಿ ತಂದಳು. ಅದನ್ನು ಹೊತ್ತುಕೊಂಡು ತೂಕದ ಆಫೀಸಿಗೆ ಹೋದಳು. ಆಗ ಅಂಗಡಿಯವರೆಲ್ಲ ವರ್ಷಕ್ಕೊಮ್ಮೆ ತಕ್ಕಡಿ, ತೂಕದ ಬಟ್ಟುಗಳನ್ನು ಅಲ್ಲಿ ತೋರಿಸಿ ಸರ್ಕಾರದ ಮುದ್ರೆ ಒತ್ತಿಸಬೇಕಿತ್ತು. ಮುದ್ರೆ ಸಾಹೇಬರು ಹಿತ್ತಾಳೆಯ ಎರಡು ಕಿಲೋ ಬಟ್ಟು ಒಂದು ತಟ್ಟೆಗೆ, ಇವಳ ಕಲ್ಲು ಇನ್ನೊಂದು ತಟ್ಟೆಗೆ ಹಾಕಿದರೆ ಕಲ್ಲು ಹೆಚ್ಚು. ಕೆತ್ತುವವನ ಹತ್ತಿರ ವಾಪಸು. ಒಂದು ಚಕ್ಕೆ ತೆಗೆದು ಮತ್ತೆ ಆಫೀಸು. ಹೀಗೆ ಐದು ಸಲ. ಐದನೇ ಸಲ ಎರಡು ತಟ್ಟೆಗಳೂ ಒಂದೇ ಮಟ್ಟಕ್ಕೆ ನಿಂತವು. ಸಾಹೇಬರು ಕಲ್ಲಿಗೆ ಮುದ್ರೆ ಒತ್ತಲಾಗದೆ ಕೆಂಪು ಬಣ್ಣ ಅದ್ದಿ ಬೊಟ್ಟು ಇಟ್ಟರು. ಅಂದಿನಿಂದ ಪ್ರತಿ ತಿಂಗಳೂ ಜೋಳಿಗೆಯಲ್ಲಿ ಮೊದಲು ಕೂರುತ್ತಿದ್ದದ್ದು ಕಲ್ಲು. ಮುಳ್ಳು ಎರಡರ ಮೇಲೆ ನಿಂತರೆ ಸರಿ, ಇಲ್ಲವಾದರೆ ತಿರುಪು ತಿರುಗಿಸಿ ಸರಿ ಮಾಡಿ, ಆಮೇಲೆ ಮಕ್ಕಳು. ಕಲ್ಲಮ್ಮನ ಮಗು ಅಳೋದಿಲ್ಲ ನೋಡು, ನೀನು ಯಾಕೆ ಅಳ್ತೀಯ ಎಂದು ಕಲ್ಲಿನ ಹಿಂದೆ ಸರದಿಯಲ್ಲಿದ್ದ ಕೂಸಿಗೆ ಹೇಳುತ್ತಿದ್ದಳು.

ಹೀಗೆ ಇಪ್ಪತ್ತಾರು ವರ್ಷ. ಅವಳ ಗಂಡ ಗೋಡೆಗೆ ಸುಣ್ಣ ಬಳಿಯುವವನು, ಎದೆ ಕೆಟ್ಟು ಮನೆಯಲ್ಲಿ ಕೂತ. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿಗೆ ಹೋದಳು. ನಮ್ಮವರು ತೀರಿಕೊಂಡರು. ಕೇಂದ್ರ ಮಾತ್ರ ಒಂದೇ ಸಲ ಮುಚ್ಚಲಿಲ್ಲ. ಉಣ್ಣೆಯ ಅಂಗಿಯ ಎಳೆ ಬಿಚ್ಚಿದ ಹಾಗೆ ಸ್ವಲ್ಪಸ್ವಲ್ಪವೇ ಹೋಯಿತು. ಮೊದಲು ಕೋಣೆ ಗುಡಿಸುವವಳನ್ನು ತೆಗೆದರು. ಆಮೇಲೆ ಅಡುಗೆಯವಳು. ಆಮೇಲೆ ಪೊಟ್ಟಣ ಎಲ್ಲರಿಗೂ ಅಲ್ಲ, ಕೆಂಪಿನವರಿಗೆ ಮಾತ್ರ ಅಂದರು. ನರ್ಸು ಬರುವುದು ನಿಂತಿತು. ಪ್ರತಿ ಸಲವೂ ಒಂದು ಕಾಗದ ಬರುತ್ತಿತ್ತು, ತಕ್ಕಡಿಯಕ್ಕ ಅದನ್ನು ಓದಿ, ಮಡಚಿ, ಪೆಟ್ಟಿಗೆಯ ತಳಕ್ಕೆ ಹಾಕಿ, ಹೋದವರ ಕೆಲಸವನ್ನೂ ತಾನೇ ಮಾಡುತ್ತಿದ್ದಳು. ನೀನು ಹೀಗೆ ಮಾಡುತ್ತಾ ಹೋದರೆ ಅವರಿಗೆ ತೆಗೆದದ್ದೇ ಗೊತ್ತಾಗುವುದಿಲ್ಲ ಎಂದು ನಾನು ಬೈದೆ. ಗೊತ್ತಾಗದೇ ಇರಲಿ ಬಿಡಿ ಅಕ್ಕ, ಗೊತ್ತಾದರೆ ನನ್ನನ್ನೂ ತೆಗೀತಾರೆ ಅಂದಳು.

ಕೊನೆಗೆ ಶಾಲೆಯ ಮೈದಾನದಲ್ಲಿ ಒಂದು ಸಭೆ ಆಯಿತು. ವಾರ್ಡಿನ ಸದಸ್ಯ ಒಳ್ಳೆಯ ಮಾತುಗಾರ. ನಿಮ್ಮ ಮಗುವಿನ ತೂಕ ನೋಡೋಕೆ ಸರ್ಕಾರ ಯಾಕೆ ಬೇಕು, ನಿಮ್ಮ ಮಗು ನಿಮಗೆ ಗೊತ್ತಿಲ್ಲವಾ ಎಂದು ಕೇಳಿದ. ಅಂಗಡಿಯವನ ತಕ್ಕಡಿಗೆ ಮುದ್ರೆ ಯಾಕೆ, ಅವನು ಕಳ್ಳನಾ ಎಂದು ಕೇಳಿದ. ಇನ್ನು ಮೇಲೆ ಮುದ್ರೆಯ ಶುಲ್ಕ ಇಲ್ಲ, ಸಾಹೇಬರ ಓಡಾಟ ಇಲ್ಲ, ಮನೆ ಕಂದಾಯ ನಾಲ್ಕನೇ ಒಂದು ಭಾಗ ಕಡಿಮೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸುಳ್ಳು ಯಾಕೆ ಹೇಳಲಿ, ಒಂಟಿ ಹೆಂಗಸಿಗೆ ಕಂದಾಯ ಇಳಿದರೆ ಯಾರಿಗೆ ಬೇಡ? ಮುದ್ರೆ ಸಾಹೇಬರೂ ಸಾಚಾ ಮನುಷ್ಯ ಆಗಿರಲಿಲ್ಲ. ಬಂದಾಗಲೆಲ್ಲ ಪ್ರತಿ ಅಂಗಡಿಯಲ್ಲೂ ಒಂದೊಂದು ಪೊಟ್ಟಣ ಸಕ್ಕರೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆದರೆ ಸಕ್ಕರೆ ತೆಗೆದುಕೊಂಡೂ ಕೆಟ್ಟ ತಕ್ಕಡಿಗೆ ಮುದ್ರೆ ಒತ್ತುತ್ತಿರಲಿಲ್ಲ. ಇದು ನನಗೆ ಚಪ್ಪಾಳೆ ತಟ್ಟುವಾಗ ನೆನಪಾಗಲಿಲ್ಲ.

ಮುಂದಿನ ತಿಂಗಳು ಇಲಾಖೆಯ ಗುಮಾಸ್ತ ಗುಜರಿಯವನ ಕೈಗಾಡಿಯ ಜೊತೆ ಬಂದ. ಬೀದಿಬೀದಿಯ ಕೇಂದ್ರಗಳ ತಕ್ಕಡಿಗಳೆಲ್ಲ ಗಾಡಿಯಲ್ಲಿ ರಾಶಿ ಬಿದ್ದಿದ್ದವು. ತಕ್ಕಡಿಗಳನ್ನೇ ತೂಕಕ್ಕೆ ಹಾಕಿ ಮಾರಿದ್ದರು. ಗುಮಾಸ್ತ ಪಟ್ಟಿ ಹಿಡಿದು ಒಂದೊಂದೇ ಗುರುತು ಹಾಕಿಕೊಂಡ. ಪೆಟ್ಟಿಗೆ, ತಕ್ಕಡಿ, ಜೋಳಿಗೆ, ಎರಡು ಚಾಪೆ. ತಕ್ಕಡಿಯಕ್ಕ ಕಲ್ಲು ತಂದು ಮುಂದಿಟ್ಟಳು. ಅವನು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ಕಲ್ಲು ಪಟ್ಟಿಯಲ್ಲಿ ಇಲ್ಲಮ್ಮ ಅಂದ. ಹಾಗಾಗಿ ಕಲ್ಲು ನನ್ನ ಬಾಗಿಲಿಗೆ ಬಂತು. ಗೋಡೆಯ ಪಟವನ್ನೂ ಯಾರೂ ಕಿತ್ತುಕೊಂಡು ಹೋಗಲಿಲ್ಲ.

ಇನ್ನು ಮೇಲೆ ತಾಯಂದಿರೇ ಮೂರು ತಿಂಗಳಿಗೊಮ್ಮೆ ಮಗುವಿನ ತೂಕವನ್ನು ಫೋನಿನಲ್ಲಿ ತುಂಬಬೇಕು, ಫೋನೇ ಹಸಿರೋ ಕೆಂಪೋ ಹೇಳುತ್ತದೆ, ಕೆಂಪು ಬಂದವರಿಗೆ ಪೊಟ್ಟಣ ಮನೆಗೆ ಬರುತ್ತದೆ ಎಂದಾಯಿತು. ಚೆನ್ನಾಗಿಯೇ ಇತ್ತು. ತೂಕ ನೋಡುವುದು ಎಲ್ಲಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಬೀದಿಯಲ್ಲಿ ತಕ್ಕಡಿ ಇದ್ದದ್ದು ದಿನಸಿ ಅಂಗಡಿಯಲ್ಲಿ. ಅಂಕಿ ಹೊಳೆಯುವ ಹೊಸ ತಕ್ಕಡಿ. ದಿನಸಿಯವನು ಒಳ್ಳೆಯವನು, ಇಲ್ಲ ಅನ್ನಲಿಲ್ಲ. ತಟ್ಟೆಯ ಮೇಲೆ ಹಳೆಯ ಪೇಪರು ಹಾಸಿ ಮಗುವನ್ನು ಕೂರಿಸಿ, ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಇಳಿಸುವಾಗ ಕೈಗೊಂದು ಬಿಸ್ಕತ್ತು ಕೊಡುತ್ತಿದ್ದ. ಮಕ್ಕಳೆಲ್ಲ ಒಳ್ಳೆ ತೂಕ ಬಂದರು. ನೋಡಿದಿರಾ, ಮನೆಯಲ್ಲಿ ನೋಡಿಕೊಂಡರೆ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂದು ಸದಸ್ಯ ಹೇಳಿಕೊಂಡು ತಿರುಗಿದ. ಒಂದು ವರ್ಷದೊಳಗೆ ನಮ್ಮ ವಾರ್ಡಿನಲ್ಲಿ ಕೆಂಪು ಮಕ್ಕಳೇ ಇಲ್ಲ ಎಂದು ಪೊಟ್ಟಣದ ಗಾಡಿ ಬರುವುದೂ ನಿಂತಿತು.

ಅದೇ ವರ್ಷ ನಾವೆಲ್ಲ ಇನ್ನೊಂದು ಮಾತೂ ಆಡುತ್ತಿದ್ದೆವು. ಸಕ್ಕರೆ ಮೊದಲಿನಷ್ಟು ದಿನ ಬರುತ್ತಿಲ್ಲ, ಬೇಳೆ ಬೇಗ ಖಾಲಿಯಾಗುತ್ತದೆ ಎಂದು. ಸಕ್ಕರೆ ಖಾಲಿಯಾದರೆ ಬೈದುಕೊಳ್ಳುತ್ತಿದ್ದೆವು, ಮಗು ತೂಕ ಬಂದರೆ ಹಿಗ್ಗುತ್ತಿದ್ದೆವು. ಎರಡೂ ಒಂದೇ ತಟ್ಟೆಯ ಮೇಲೆ ಆದದ್ದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ತಕ್ಕಡಿಯಕ್ಕ ಅಷ್ಟು ಹೊತ್ತಿಗೆ ಬ್ರೆಡ್ಡು ಕಾರ್ಖಾನೆ ಸೇರಿದ್ದಳು. ದಿನವಿಡೀ ನಿಂತುಕೊಂಡು ಬ್ರೆಡ್ಡಿಗೆ ಕಾಗದ ಸುತ್ತುವ ಕೆಲಸ. ರಜೆಯ ದಿನ ನಮ್ಮ ಮೆಟ್ಟಿಲ ಮೇಲೆ ಬಂದು ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಹೆಚ್ಚು ಮಾತಿಲ್ಲ. ಕೇಂದ್ರದ ಮಾತು ತೆಗೆದರೆ ಬೇಡ ಬಿಡಿ ಅಕ್ಕ ಅನ್ನುತ್ತಿದ್ದಳು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಎದುರು ಮನೆಯ ಇಸ್ತ್ರಿಯವಳು ಬಂದಳು. ಚಿಕ್ಕ ಹುಡುಗಿ, ಗಂಡ ಇಲ್ಲ, ಬಟ್ಟೆಗಳಿಗೆ ಇಸ್ತ್ರಿ ಮಾಡಿ ಒಂದು ಹೆಣ್ಣುಕೂಸನ್ನು ಸಾಕುತ್ತಿದ್ದಳು. ಕೂಸನ್ನು ಗುಬ್ಬಿ ಎಂದು ಕರೆಯುತ್ತಿದ್ದೆವು. ಹತ್ತು ಮನೆಗೆ ಬಟ್ಟೆ ಮುಟ್ಟಿಸಿ ಬರಬೇಕು, ಸ್ವಲ್ಪ ಹಿಡಿದುಕೋ ಅಕ್ಕ ಎಂದು ಗುಬ್ಬಿಯನ್ನು ತಕ್ಕಡಿಯಕ್ಕನ ಮಡಿಲಿಗೆ ಹಾಕಿದಳು. ತಕ್ಕಡಿಯಕ್ಕ ಕಾಲು ನೀವುವುದನ್ನು ನಿಲ್ಲಿಸಿದಳು. ಕೂಸನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸಿದಳು.

"ಇದಕ್ಕೆ ಎಷ್ಟು ತಿಂಗಳು?" ಎಂದು ಕೇಳಿದಳು.

"ಹದಿನಾಲ್ಕು. ಮೊನ್ನೆ ತೂಗಿಸಿದೆ, ಏಳು ಕಿಲೋ ಏಳುನೂರು. ಹಸಿರು ಬಂತು," ಎಂದಳು ಇಸ್ತ್ರಿಯವಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ಬಟ್ಟೆಯ ಗಂಟು ತಲೆಗೇರಿಸಿ ಹೊರಟುಹೋದಳು.

ತಕ್ಕಡಿಯಕ್ಕ ಗುಬ್ಬಿಯ ತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ತೊಡೆ ನೋಡಿದಳು. ಇಪ್ಪತ್ತಾರು ವರ್ಷ ಮಕ್ಕಳನ್ನು ಎತ್ತಿದ ಕೈ, ಈಗ ಬ್ರೆಡ್ಡು ಎತ್ತಿ ಎತ್ತಿ ಮರೆತಿರಬೇಕು ಎಂದಳು. ಆಮೇಲೆ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಗುಬ್ಬಿಯನ್ನು ನನ್ನ ಕೈಗೆ ಕೊಟ್ಟು ಕಲ್ಲನ್ನು ಎತ್ತಿಕೊಂಡು ಬೀದಿಗಿಳಿದಳು. ನಾನು ಕೂಸನ್ನು ಎತ್ತಿಕೊಂಡು ಅವಳ ಹಿಂದೆ ಹೋದೆ. ಹಿಂದೆ ನಮ್ಮ ಬಾಗಿಲು ಬಡಿದುಕೊಳ್ಳುತ್ತಿತ್ತು.

ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಬೈಕ್ ರಿಪೇರಿಯವನ ಹೆಂಡತಿಯೂ ಇದ್ದಳು. ತಕ್ಕಡಿಯಕ್ಕ ಮುನ್ನುಗ್ಗಲಿಲ್ಲ, ತನ್ನ ಸರದಿ ಬರುವವರೆಗೆ ಕಲ್ಲನ್ನು ಹೊಟ್ಟೆಗೆ ಅವುಚಿಕೊಂಡು ನಿಂತಳು. ಏನು ಕೊಡಲಿ ಅಕ್ಕ ಎಂದು ದಿನಸಿಯವನು ಕೇಳಿದ. ಏನೂ ಬೇಡ, ಇದನ್ನು ತೂಗು ಎಂದಳು. ಅವನು ನಕ್ಕು, ಕಲ್ಲು ಮಾರೋ ಕಾಲ ಬಂತಾ, ಇದಕ್ಕೆ ಗುಜರಿಯವನೇ ಸರಿ ಎನ್ನುತ್ತಲೇ ತಟ್ಟೆಯ ಮೇಲಿಟ್ಟ. ಅಂಕಿ ಓಡಿ ನಿಂತಿತು. ಎರಡು ಕಿಲೋ ಇನ್ನೂರು ಗ್ರಾಂ.

ಅವನ ನಗು ಅರ್ಧಕ್ಕೇ ನಿಂತಿತು. ಆ ಕಲ್ಲು ಅವನಿಗೆ ಗೊತ್ತು. ಅವನ ಎರಡೂ ಮಕ್ಕಳು ಅದರ ಹಿಂದೆ ಸರದಿಯಲ್ಲಿ ಕೂತು ಜೋಳಿಗೆ ಹತ್ತಿದವರು. ಇನ್ನೊಂದು ಸಲ ಇಡು ಎಂದಳು ತಕ್ಕಡಿಯಕ್ಕ. ಇಟ್ಟ. ಅದೇ ಅಂಕಿ.

ಬೈಕ್ ರಿಪೇರಿಯವನ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಅದಕ್ಕೇನಾ ನಮ್ಮನೆ ಸಕ್ಕರೆ ಇಪ್ಪತ್ತನೇ ತಾರೀಕಿಗೇ ಖಾಲಿಯಾಗೋದು?"

"ಸಕ್ಕರೆ ಮಾತು ಆಮೇಲೆ ಆಡು," ಎಂದಳು ತಕ್ಕಡಿಯಕ್ಕ, ಅವಳ ಕಡೆ ತಿರುಗದೆಯೇ. "ನಿನ್ನ ಮೊಮ್ಮಗನ ತೂಕ ಫೋನಿಗೆ ಎಷ್ಟು ಅಂತ ಹಾಕಿದೆ?"

ಅವಳ ಕೈ ಸೊಂಟದಿಂದ ಇಳಿಯಿತು.

ದಿನಸಿಯವನು ಉಳಿದವರನ್ನು ಬೇಗಬೇಗ ಕಳಿಸಿದ. ಮಕ್ಕಳನ್ನು ತೂಗಿದ್ದಕ್ಕೆ ಯಾರ ಹತ್ತಿರವೂ ಒಂದು ಕಾಸು ಮುಟ್ಟಿಲ್ಲ, ಬೇಕೆಂದು ಮಾಡಿದ್ದಲ್ಲ ಎಂದು ಹೇಳತೊಡಗಿದ. ಗೊತ್ತು ಎಂದಳು ಅವಳು. ತಕ್ಕಡಿ ರಿಪೇರಿಯವನು ಒಂದು ದಿನ ಬಂದು ಎಲ್ಲ ಅಂಗಡಿಗಳಿಗೂ ಹೀಗೆ ಕೂರಿಸಿಕೊಟ್ಟು ಹೋದನಂತೆ. ಗೊತ್ತು ಅಂದೆನಲ್ಲ, ಸರಿ ಮಾಡಿಸು ಎಂದಳು. ಅವನು ಕಲ್ಲನ್ನು ತಟ್ಟೆಯಿಂದ ಎತ್ತಿ ಅವಳ ಕೈಗಿಟ್ಟ.

"ಹೇಗೆ ಮಾಡಿಸಲಿ ಅಕ್ಕ? ನಾನೊಬ್ಬ ಸರಿ ಮಾಡಿಸಿದ್ರೆ ರೇಟು ಏರಿಸಬೇಕು, ಎದುರು ಅಂಗಡಿಯವನ ರೇಟೇ ಕಮ್ಮಿ ಕಾಣುತ್ತೆ. ಆಗ ಮುದ್ರೆ ಸಾಹೇಬ್ರು ಬರ್ತಿದ್ರು, ಎಲ್ಲರೂ ಒಟ್ಟಿಗೆ ಹೆದರ್ತಿದ್ವಿ. ಈಗ ಮೊದಲು ಯಾರು ಹೆದರಬೇಕು, ಹೇಳು."

ತಕ್ಕಡಿಯಕ್ಕ ಕಲ್ಲನ್ನು ಮತ್ತೆ ಹೊಟ್ಟೆಗೆ ಅವುಚಿಕೊಂಡು ಹೊರಗೆ ನಡೆದಳು.

ಮನೆಗೆ ಬಂದು ಅವಳು ಗೋಡೆಯ ಪಟದ ಮುಂದೆ ನಿಂತಳು. ಎರಡು ಕಿಲೋಗೆ ಇನ್ನೂರು ಗ್ರಾಂ ಹೆಚ್ಚು ಅಂದರೆ ಗುಬ್ಬಿಯ ಏಳು ಕಿಲೋ ಏಳುನೂರು ನಿಜಕ್ಕೂ ಏಳೇ ಕಿಲೋ. ಹದಿನಾಲ್ಕನೇ ತಿಂಗಳ ಗೆರೆಯ ಮೇಲೆ ಬೆರಳಿಟ್ಟು ಕೆಳಗೆ ಎಳೆದಳು. ಬೆರಳು ಕೆಂಪಿನೊಳಕ್ಕೆ ಹೋಗಿ ನಿಂತಿತು. ಗುಬ್ಬಿಗೆ ಎರಡು ವಾರದಿಂದ ಆಗಾಗ ಭೇದಿಯೂ ಆಗುತ್ತಿತ್ತು. ಹಲ್ಲು ಬರುತ್ತಿದೆ ಎಂದು ನಾವೆಲ್ಲ ಹೇಳಿದ್ದೆವು.

ಇಸ್ತ್ರಿಯವಳು ಬಂದ ಮೇಲೆ ಮೂವರೂ ಫೋನು ಹಿಡಿದು ಕೂತೆವು. ತೂಕ ತಿದ್ದಲು ಹೋದರೆ ಈ ಸಲದ ಲೆಕ್ಕ ಮುಗಿದಿದೆ, ಮುಂದಿನದು ಇನ್ನು ಹನ್ನೆರಡು ವಾರಕ್ಕೆ ಎಂದು ಬಂತು. ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆವು. ಒಂದು ಒತ್ತಿ, ಎರಡು ಒತ್ತಿ ಎಂದು ಮುಕ್ಕಾಲು ಗಂಟೆ ಹೋದ ಮೇಲೆ ಒಂದು ಹುಡುಗಿಯ ದನಿ ಸಿಕ್ಕಿತು. ನಿಮ್ಮ ವಾರ್ಡಿನಲ್ಲಿ ಕೆಂಪು ಮಕ್ಕಳು ಇಲ್ಲಮ್ಮ, ಅದಕ್ಕೇ ಪೊಟ್ಟಣ ಇಲ್ಲ ಎಂದಿತು. ತಕ್ಕಡಿಯೇ ತಪ್ಪಾಗಿತ್ತು ಎಂದಳು ತಕ್ಕಡಿಯಕ್ಕ. ಹುಡುಗಿ ಸ್ವಲ್ಪ ಹೊತ್ತು ಹುಡುಕಿದಳು.

"ಯಾವ ತಕ್ಕಡಿ ಅಮ್ಮ? ನಮ್ಮ ಇಲಾಖೆಯಲ್ಲಿ ತಕ್ಕಡಿ ಅನ್ನೋದೇ ಇಲ್ವಲ್ಲ."

ಒರಟು ಮಾತಲ್ಲ, ಪಾಪದ ಹುಡುಗಿ. ಅವಳ ಮುಂದಿದ್ದದ್ದನ್ನು ಓದಿ ಹೇಳಿದಳು.

ದೊಡ್ಡಾಸ್ಪತ್ರೆಗೆ ಹೋಗೋಣ ಎಂದರೆ ಇಸ್ತ್ರಿಯವಳು ಒಪ್ಪಲಿಲ್ಲ. ಎರಡು ಬಸ್ಸು ಹತ್ತಬೇಕು, ಒಂದು ದಿನದ ಬಟ್ಟೆ ನಿಲ್ಲುತ್ತದೆ, ಬಟ್ಟೆ ನಿಂತರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಆ ಹಸಿರನ್ನು ಬಿಡಲು ಮನಸ್ಸಿಲ್ಲ. ಹಸಿರು ಇದೆಯಲ್ಲ ಅಕ್ಕ, ಹಸಿರು ಇದೆಯಲ್ಲ ಎಂದು ಫೋನನ್ನು ನಮ್ಮ ಮುಖದ ಮುಂದೆ ಹಿಡಿಯುತ್ತಿದ್ದಳು. ತಕ್ಕಡಿಯಕ್ಕ ಜಗಳವಾಡಲಿಲ್ಲ.

"ನಾನೂ ಒಂದು ಕೂಸಿಗೆ ಎರಡು ತಿಂಗಳು ಹಸಿರು ಅಂತಲೇ ಬರೆದೆ," ಎಂದಳು. "ಮೂಟೆ ಹೊರೋನ ಮಗ. ಈಗ ಇದ್ದಿದ್ರೆ ನಿನ್ನಷ್ಟೇ ವಯಸ್ಸು."

ಇಪ್ಪತ್ತೇಳು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಇಸ್ತ್ರಿಯವಳು ಫೋನು ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರು. ತಾಯಿಯ ತೊಡೆಯ ಮೇಲೆ ಗುಬ್ಬಿ, ತಕ್ಕಡಿಯಕ್ಕನ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಕಲ್ಲು. ಆಮೇಲಿನದು ಇಸ್ತ್ರಿಯವಳು ನನಗೆ ಹೇಳಿದ್ದು. ಮಕ್ಕಳ ವಾರ್ಡಿನ ನರ್ಸು ಮೊದಲು ಫೋನು ಕೇಳಿದಳಂತೆ. ನೋಡಿ, ಹಸಿರಿನವರಿಗೆ ಇಲ್ಲಿ ಮಂಚ ಇಲ್ಲ, ಕೆಂಪಿನವರೇ ಹೊರಗೆ ಕಾಯುತ್ತಿದ್ದಾರೆ ಎಂದು ವಾಪಸು ಕೊಟ್ಟಳು. ಹಿಂದಿನ ಕಾಲವಾಗಿದ್ದರೆ ತಕ್ಕಡಿಯಕ್ಕನ ಸಹಿಯ ಚೀಟಿ ಸಾಕಿತ್ತು. ಈಗ ಅವಳು ಬ್ರೆಡ್ಡು ಸುತ್ತುವವಳು. ಮಗು ಬೇಡಮ್ಮ, ಈ ಕಲ್ಲನ್ನು ಒಂದು ಸಲ ತೂಗಿಬಿಡಿ, ಹೋಗುತ್ತೇವೆ ಅಂದಳಂತೆ. ನರ್ಸಿಗೆ ತಲೆಚಿಟ್ಟು ಹಿಡಿದಿರಬೇಕು, ಪೀಡೆ ತೊಲಗಲಿ ಎಂದು ಇಟ್ಟಳು. ಸರಿಯಾಗಿ ಎರಡು. ನಮ್ಮ ಬೀದಿಯ ತಕ್ಕಡಿಯಲ್ಲಿ ಇದು ಎರಡು ಕಿಲೋ ಇನ್ನೂರು, ಆ ಹಸಿರು ಬಂದದ್ದು ಅದೇ ತಕ್ಕಡಿಯಿಂದ ಎಂದಳು ತಕ್ಕಡಿಯಕ್ಕ. ನರ್ಸು ಕಲ್ಲನ್ನು ನೋಡಿದಳು, ಇವರ ಮುಖ ನೋಡಿದಳು. ಆಮೇಲೆ ತಾನೇ ಕೈ ಚಾಚಿ ಗುಬ್ಬಿಯನ್ನು ಎತ್ತಿ ತಟ್ಟೆಯ ಮೇಲೆ ಕೂರಿಸಿದಳು. ಆರು ಕಿಲೋ ಒಂಬೈನೂರು. ರಾತ್ರಿ ಮತ್ತೆ ಭೇದಿಯಾಗಿತ್ತು.

ಮಂಚ ಇರಲಿಲ್ಲ. ಎರಡು ಮಂಚಗಳ ನಡುವೆ ನೆಲದ ಮೇಲೆ ಹಾಸಿಕೊಟ್ಟರು. ಹತ್ತೊಂಬತ್ತು ದಿನ ತಾಯಿ ಮಗು ಅಲ್ಲೇ ಇದ್ದರು. ಇಸ್ತ್ರಿಯವಳ ಬಟ್ಟೆಗಳನ್ನು ಆದಷ್ಟು ನಾನು ತೀಡಿದೆ. ಮೂರು ಅಂಗಿ ಸುಟ್ಟೆ. ತಕ್ಕಡಿಯಕ್ಕ ಕೇಳದೆ ರಜೆ ಹಾಕಿದ್ದಕ್ಕೆ ಬ್ರೆಡ್ಡಿನವರು ಒಂದು ವಾರ ಅವಳನ್ನು ಹೊರಗೆ ನಿಲ್ಲಿಸಿದರು. ಗುಬ್ಬಿ ಬಂದ ದಿನ ಇಸ್ತ್ರಿಯವಳು ಓಡಿಬಂದು, ಎಂಟು ಕಿಲೋ ಆಗಿದೆ ಅಕ್ಕ ಎಂದಳು. ತಕ್ಕಡಿಯಕ್ಕ ಹಿಗ್ಗಲಿಲ್ಲ. ಯಾವ ತಕ್ಕಡಿಯಲ್ಲಿ ಎಂದು ಕೇಳಿದಳು. ಆಸ್ಪತ್ರೆಯದರಲ್ಲಿ ಎಂದ ಮೇಲೆಯೇ ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡು ಬಹಳ ಹೊತ್ತು ಕೆಳಗಿಳಿಸಲಿಲ್ಲ.

ಅದಾದ ಎರಡು ದಿನಕ್ಕೆ ದಿನಸಿಯವನು ನಮ್ಮ ಮನೆಗೆ ಬಂದ. ಚೀಲದಲ್ಲಿ ಹಳೆಯ ತೂಗುತಕ್ಕಡಿ. ಗುಜರಿಯವನ ರಾಶಿಯಿಂದ ಹುಡುಕಿ ತಂದಿದ್ದ. ನಮ್ಮದೋ ಬೇರೆ ಬೀದಿಯದೋ ಗೊತ್ತಿಲ್ಲ, ಗಾಜು ಒಡೆದಿತ್ತು, ಜೋಳಿಗೆ ಇರಲಿಲ್ಲ. ಇದು ಮಕ್ಕಳಿಗೆ ಇರಲಿ ಅಜ್ಜಿ ಎಂದ. ಸಕ್ಕರೆಯ ತಕ್ಕಡಿ ಏನಾಯಿತು ಎಂದು ಕೇಳಿದೆ. ಅವನು ಕೊಂಡಿ ನೋಡುತ್ತಾ, ಗಟ್ಟಿ ಇದೆಯಾ ಎಂದು ಬೇರೆ ಮಾತೆತ್ತಿದ. ಆ ತಕ್ಕಡಿ ಇವತ್ತಿಗೂ ಹಾಗೇ ಇದೆ. ನಾವೂ ಅಲ್ಲೇ ಕೊಳ್ಳುತ್ತೇವೆ. ಎದುರು ಅಂಗಡಿಯದು ಇನ್ನೂ ಹೆಚ್ಚು ತೋರಿಸುತ್ತದೆ.

ಇಸ್ತ್ರಿಯವಳು ದಪ್ಪ ಬಟ್ಟೆಯಲ್ಲಿ ಜೋಳಿಗೆ ಹೊಲಿದಳು. ತಕ್ಕಡಿಯಕ್ಕ ಕಲ್ಲು ಕೂರಿಸಿ ತಿರುಪು ತಿರುಗಿಸಿ ಮುಳ್ಳನ್ನು ಎರಡಕ್ಕೆ ತಂದಳು. ಬೀದಿಯ ಹನ್ನೊಂದು ಮಕ್ಕಳನ್ನು ತೂಗಿದಳು. ಗುಬ್ಬಿ ಈಗ ನಿಜಕ್ಕೂ ಹಸಿರು, ಬೇರೆ ಮೂರು ಮಕ್ಕಳು ಕೆಂಪು, ನಟ್ಟುವಿನ ಮಗನೂ ಸೇರಿ. ಮುಂದಿನ ಲೆಕ್ಕಕ್ಕೆ ಸರಿಯಾದ ತೂಕ ತುಂಬಿದರು. ತೂಕ ಇಳಿದದ್ದು ಯಾಕೆ, ವಿವರಣೆ ಕೊಡಿ ಎಂದು ಫೋನು ಕೇಳಿತು. ವಿವರಣೆ ಬರೆಯುವ ಜಾಗದಲ್ಲಿ ಇಪ್ಪತ್ತು ಅಕ್ಷರ ಹಿಡಿಯುತ್ತಿತ್ತು. ಒಂದು ಮಗುವಿಗೆ ಪೊಟ್ಟಣ ಬಂತು. ಎರಡಕ್ಕೆ ಪರಿಶೀಲನೆಯಲ್ಲಿದೆ ಎಂದು ಬಂತು, ಈಗಲೂ ಹಾಗೇ ಬರುತ್ತಿದೆ. ಆ ಎರಡಕ್ಕೆ ಬೀದಿಯವರೇ ಒಬ್ಬೊಬ್ಬರು ಹಾಲು ಮೊಟ್ಟೆ ಎಂದು ಸ್ವಲ್ಪ ದಿನ ಕೊಟ್ಟೆವು. ಆಮೇಲೆ ಅವರವರ ತಾಪತ್ರಯ ಅವರವರಿಗೆ.

ಹೀಗೆ ಮೂರು ವರ್ಷ ತಕ್ಕಡಿಯಕ್ಕ ರಜೆಯ ದಿನ ಬಂದು ತೂಗಿದಳು. ನಿಂತು ನಿಂತು ಮಂಡಿ ಸವೆಯಿತು. ಗಂಡ ಹೋದ. ಸಾಕಾಯ್ತು ಅಕ್ಕ ಎಂದು ಅವಳು ಹೇಳಿದ್ದು ಒಂದೇ ಸಲ, ಅದೂ ಮೆಟ್ಟಿಲು ಹತ್ತುವಾಗ, ಯಾವುದರ ಬಗ್ಗೆ ಎಂದು ನಾನು ಕೇಳಲಿಲ್ಲ. ಹೋದ ವರ್ಷ ಮಗಳು ಬಂದು ಅವಳನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಹೊರಡುವಾಗ ಸಾಮಾನಿನ ಗಾಡಿ ನಿಲ್ಲಿಸಿ ಒಳಗೆ ಬಂದು, ಕಲ್ಲನ್ನು ಒಮ್ಮೆ ಎತ್ತಿ ನೋಡಿ, ಅಲ್ಲೇ ಇಟ್ಟು ಹೋದಳು.

ಈಗ ತೂಗುವವಳು ಇಸ್ತ್ರಿಯವಳು. ಮುಳ್ಳು ನನ್ನ ಕಣ್ಣಿಗೆ ಕಾಣುವುದಿಲ್ಲ, ಕೊಂಡಿ ನನ್ನ ಕೈಗೆ ಎಟುಕುವುದಿಲ್ಲ. ಮೊದಲನೇ ತಾರೀಕು ಬೆಳಿಗ್ಗೆ ಕಲ್ಲನ್ನು ಎತ್ತಿ ಕೊಡುವುದಷ್ಟೇ ನನ್ನ ಕೆಲಸ. ಪ್ರತಿ ತಿಂಗಳೂ ಅದು ಹೋದ ತಿಂಗಳಿಗಿಂತ ಭಾರ ಅನ್ನಿಸುತ್ತದೆ. ಎರಡೇ ಕಿಲೋ ಎಂದು ಗೊತ್ತಿದ್ದರೂ. ಮಕ್ಕಳ ಸರದಿ ಮುಗಿದು ಅದು ವಾಪಸು ಬರುವವರೆಗೆ ನಮ್ಮ ಬಾಗಿಲು ಬಡಿದುಕೊಳ್ಳುತ್ತಲೇ ಇರುತ್ತದೆ.